ಮೊದಲು ನೋಟುಪುಸ್ತಕ, ಆಮೇಲೆ ಹಾರ್ಮೋನು: ಪೆರಿಮೆನೋಪಾಸ್ ನಿಭಾಯಿಸಿದ ನನ್ನ ಅನುಭವ

ಮುಟ್ಟು ನಿಲ್ಲುವ ಮುಂಚಿನ ಈ ವರ್ಷಗಳಲ್ಲಿ ಯಾವುದೇ ಔಷಧಿಗೆ ಕೈಹಾಕುವ ಮೊದಲು ಕೆಲವು ತಿಂಗಳು ಎಲ್ಲವನ್ನೂ ಬರೆದಿಡುತ್ತೇನೆ, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ ಎಂದು ನಾನು ಹೇಳಿದಾಗ ಅಕ್ಕನೂ ಗೆಳತಿಯರೂ ಅದನ್ನು ಕಾಲಹರಣವೆಂದರು. ವಯಸ್ಸಿನದು, ಸಹಿಸಿಕೋ ಎಂಬುದು ಅಕ್ಕನ ಮಾತಾದರೆ, ಯಾವುದಾದರೂ ಮಾತ್ರೆ ಹಿಡಿಸುತ್ತದೆ, ಒಂದೊಂದಾಗಿ ನುಂಗಿ ನೋಡು ಎಂಬುದು ಗೆಳತಿಯರ ಸಲಹೆ. ಎರಡು ವರ್ಷಗಳ ನಂತರ ಇಂದು ನಾನು ರಾತ್ರಿ ಕನಿಷ್ಠ ಆರೂವರೆ ತಾಸು ನಿದ್ರಿಸುತ್ತಿದ್ದೇನೆ, ಮತ್ತು ಅದೇ ಅಕ್ಕ ನನ್ನ ಪುಸ್ತಕದ ನಮೂನೆಯನ್ನು ಕೇಳಿ ಪಡೆದಿದ್ದಾಳೆ.

ಪುಸ್ತಕ ಆರಂಭಿಸುವ ಮುನ್ನವೇ ಸುಮಾರು ಎರಡು ತಿಂಗಳ ಸಂಬಳದಷ್ಟು ಹಣ ಕರಗಿತ್ತು. ಅದರಲ್ಲಿ ದೊಡ್ಡ ಪಾಲು ಹಾರ್ಮೋನು ಪರೀಕ್ಷೆಗಳದು. ಮೊದಲ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು) ವರದಿಯ ಪ್ರಕಾರ ನನ್ನ ಮುಟ್ಟು ನಿಂತೇಹೋಗಿರಬೇಕಿತ್ತು. ಒಂದೂವರೆ ತಿಂಗಳ ನಂತರದ ವರದಿಯಲ್ಲಿ ಎಲ್ಲವೂ ಸಹಜವಾಗಿತ್ತು. ಈ ಹಂತದಲ್ಲಿ ಆ ಮಟ್ಟ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದು ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಒಂದು ದಿನದ ಮೋಡ ನೋಡಿ ಇಡೀ ಮಳೆಗಾಲವನ್ನು ಹೇಳಿದಂತೆ. ನಲವತ್ತೈದು ದಾಟಿ ಲಕ್ಷಣಗಳಿರುವವರಲ್ಲಿ ಇದನ್ನು ಗುರುತಿಸಲು ಎಫ್‌ಎಸ್‌ಎಚ್ ಪರೀಕ್ಷೆ ಬೇಡವೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 2015ರಲ್ಲಿಯೇ ಹೇಳಿದೆ. ಉಳಿದ ಹಣ ಬ್ಲ್ಯಾಕ್ ಕೋಹೋಶ್ ಎಂಬ ಗಿಡಮೂಲಿಕೆ, ಸೋಯಾ ಐಸೋಫ್ಲೇವೋನ್ ಮೊದಲಾದ ಪೂರಕಗಳಿಗೆ ಹೋಯಿತು. ಪ್ರತಿಯೊಂದೂ ಮೊದಲ ತಿಂಗಳು ಗೆದ್ದಂತೆ ಕಂಡು ಮೂರನೆಯ ತಿಂಗಳಿಗೆ ಸೋತಿತು. ಬಿಸಿಯ ಅಲೆಗಳ (ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದು) ಕುರಿತ ಪ್ರಯೋಗಗಳಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆಯೂ ಗಣನೀಯ ಆರಾಮ ಕೊಡುತ್ತದೆ. ಆದ್ದರಿಂದ ಮೊದಲ ತಿಂಗಳ ಗೆಲುವನ್ನು ನಾನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪುಸ್ತಕದಲ್ಲಿ ಐದು ಅಂಕಣಗಳಿದ್ದವು: ರಕ್ತಸ್ರಾವ ಮತ್ತು ಬದಲಿಸಿದ ಪ್ಯಾಡ್‌ಗಳು, ಎಚ್ಚರವಾದ ಹೊತ್ತು, ಬಿಸಿಯ ಅಲೆಯ ತೀವ್ರತೆ, ಎಚ್ಚರ ಮೊದಲೋ ಬಿಸಿ ಮೊದಲೋ ಎಂಬುದು, ಮತ್ತು ದಿನದ ದಣಿವು. ನಾಲ್ಕೈದು ತಿಂಗಳಲ್ಲಿ ಎರಡು ಸಂಗತಿಗಳು ಹೊರಬಂದವು. ಒಂದು, ನನ್ನ ಚಕ್ರ ಒಮ್ಮೆ ಇಪ್ಪತ್ತಮೂರು ದಿನವಿದ್ದರೆ ಮತ್ತೊಮ್ಮೆ ನಲವತ್ತರ ಹತ್ತಿರ ಹೋಗುತ್ತಿತ್ತು. ಒಂದರ ಹಿಂದೊಂದು ಬರುವ ಚಕ್ರಗಳ ನಡುವೆ 7 ದಿನ ಅಥವಾ ಹೆಚ್ಚಿನ ವ್ಯತ್ಯಾಸ ಮರುಕಳಿಸುವುದು ಆರಂಭದ ಹಂತ. 60 ದಿನ ಅಥವಾ ಹೆಚ್ಚು ಕಾಲ ಮುಟ್ಟಿಲ್ಲದಿರುವುದು ಕೊನೆಯ ಹಂತ. ಇನ್ನೇನು ಮುಗಿಯಿತು ಎಂದು ಎಲ್ಲರೂ ಹೇಳುತ್ತಿದ್ದಾಗ ನಾನು ಇನ್ನೂ ಬಾಗಿಲಲ್ಲಿಯೇ ನಿಂತಿದ್ದೆ.

ಎರಡನೆಯದು ಹೆಚ್ಚು ಮುಖ್ಯ: ಏಳಲಾರದಷ್ಟು ದಣಿವು, ಎದೆಬಡಿತ ಮತ್ತು ಕೂದಲು ಉದುರುವಿಕೆ ಬಿಸಿಯ ಅಲೆಗಳ ಜೊತೆಗಲ್ಲ, ವಿಪರೀತ ರಕ್ತಸ್ರಾವದ ಬೆನ್ನಿಗೆ ಬರುತ್ತಿದ್ದವು. ಹಿಮೋಗ್ಲೋಬಿನ್ ಹನ್ನೆರಡರ ಆಸುಪಾಸಿನಲ್ಲಿ ಇದ್ದುದರಿಂದ ಯಾರೂ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿರಲಿಲ್ಲ. ನಾನೇ ಕೇಳಿ ಮಾಡಿಸಿದಾಗ ಅದು ಒಂಬತ್ತೋ ಹತ್ತೋ ಇತ್ತು. ಕಬ್ಬಿಣದ ಮಾತ್ರೆಯನ್ನು ದಿನವೂ ತಿಂದರೆ ಹೊಟ್ಟೆ ಕೆಡುತ್ತಿತ್ತು, ದಿನ ಬಿಟ್ಟು ದಿನಕ್ಕೆ ಬದಲಿಸಿದ ಮೇಲೆ ಸಲೀಸಾಯಿತು. ಒಂದು ಮಾತ್ರೆಯ ನಂತರ ದೇಹದಲ್ಲಿ ಕಬ್ಬಿಣ ಹೀರುವುದನ್ನು ನಿಯಂತ್ರಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಕಬ್ಬಿಣವನ್ನು ತಡೆಯುವುದರಿಂದ ಈ ಅಂತರದಿಂದ ನಷ್ಟವೂ ಇಲ್ಲ. ಆರು ತಿಂಗಳ ಹೊತ್ತಿಗೆ ಫೆರಿಟಿನ್ ಐವತ್ತರ ಹತ್ತಿರ ಬಂತು, ಎದೆಬಡಿತ ನಿಂತಿತು. ಥೈರಾಯ್ಡ್ ಸರಿಯಿತ್ತು.

ಅಂಡೋತ್ಪತ್ತಿಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಸಿಗದೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈ ವಯಸ್ಸಿನಲ್ಲಿ ಹೀಗೆ ರಕ್ತ ಹೋದರೆ ಆ ಪದರವನ್ನು ಪರೀಕ್ಷಿಸದೆ ಮುಂದುವರಿಯಬಾರದು. ನನಗೆ ಸ್ಕ್ಯಾನಿಂಗ್ ಮತ್ತು ಬಯಾಪ್ಸಿ ಎರಡೂ ಆದವು. ಅವು ಶುಭ್ರವಾಗಿ ಬಂದ ಮೇಲೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಹಾರ್ಮೋನು) ಇರುವ ಸಾಧನವನ್ನು ಗರ್ಭಕೋಶದೊಳಗೆ ಹಾಕಿಸಿಕೊಂಡೆ. ಮೊದಲ ಮೂರು ನಾಲ್ಕು ತಿಂಗಳು ಕಲೆ ಕಲೆಯಾಗಿ ರಕ್ತ ಕಾಣಿಸುತ್ತಲೇ ಇದ್ದಾಗ ತೆಗೆಸಿಬಿಡು ಎಂದವರೇ ಹೆಚ್ಚು. ಆದರೆ ಅಂತಹ ದಿನಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುವುದು ಪುಸ್ತಕದಲ್ಲಿ ಕಾಣುತ್ತಿದ್ದುದರಿಂದ ನಾನು ಜಗ್ಗಲಿಲ್ಲ. ಒಮ್ಮೆಗೇ ತೆತ್ತ ಹಣ ದೊಡ್ಡದೆನಿಸಿದರೂ ಐದು ವರ್ಷಕ್ಕೆ ಹಂಚಿದರೆ ಅದು ಹಿಂದೆ ಪೂರಕಗಳಿಗೆ ಸುರಿದ ತಿಂಗಳ ಖರ್ಚಿಗಿಂತ ಕಡಿಮೆ.

ಒಳಪದರಕ್ಕೆ ಈ ರಕ್ಷಣೆ ಸಿಕ್ಕ ಮೇಲೆಯೇ ಬಿಸಿಯ ಅಲೆಗಳಿಗೆಂದು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಬಂದದ್ದು. ಹಾರ್ಮೋನು ಚಿಕಿತ್ಸೆಯಿಂದ ಅಪಾಯವಿದೆ ಎಂದ 2002ರ ಅಮೆರಿಕದ ಅಧ್ಯಯನದ ಹೆಸರೆತ್ತಿ ಅನೇಕರು ಹೆದರಿಸಿದರು. ಅಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63, ಕೊಟ್ಟದ್ದು ನುಂಗುವ ಮಾತ್ರೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜೆಲ್ಲಿನಲ್ಲಿ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಪಾರ್ಶ್ವವಾಯು ಬಂದವರಿಗೆ ಇದು ಸಾಮಾನ್ಯವಾಗಿ ಹೇಳಿದ್ದಲ್ಲ. ನಾನು ಎಷ್ಟು ಹಚ್ಚಿದೆ, ಯಾವಾಗ ಏರಿಸಿದೆ ಎಂಬುದನ್ನು ಬರೆಯುವುದಿಲ್ಲ, ಏಕೆಂದರೆ ನಕಲು ಮಾಡುವವರಿರುತ್ತಾರೆ. ವೈದ್ಯೆಯ ಮುಂದಿಡಲು ನಾನು ರೂಪಿಸಿದ ಒಂದು ಹಾಳೆಯ ಸಾರಾಂಶದ ಗುಟ್ಟೂ ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಐದು ನಿಮಿಷದ ಭೇಟಿಯನ್ನು ಅರ್ಧ ಗಂಟೆಯಾಗಿಸಿದ್ದು ಅದೇ. ಎರಡು ತಿಂಗಳಲ್ಲಿ ರಾತ್ರಿಯ ಏಳೆಂಟು ಅಲೆಗಳು ಒಂದಕ್ಕೆ ಇಳಿದವು.

ಆದರೂ ಮೂರು ಗಂಟೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಬಿಸಿಯಿಲ್ಲದೆಯೇ ಎಚ್ಚರವಾಗುತ್ತಿದೆಯೆಂದು ನಾಲ್ಕನೆಯ ಅಂಕಣ ತೋರಿಸಿದ್ದರಿಂದ ಜೆಲ್ ಹೆಚ್ಚಿಸದೆ, ನಿದ್ರಾಹೀನತೆಗೆ ಹೇಳುವ ಅರಿವಿನ ವರ್ತನಾ ಚಿಕಿತ್ಸೆಯಂತೆ ಹಾಸಿಗೆಯ ಸಮಯವನ್ನೇ ಮೊಟಕುಗೊಳಿಸಿದೆ: ಹನ್ನೆರಡಕ್ಕೆ ಮಲಗಿ ಆರಕ್ಕೆ ಏಳುವುದು, ಹಗಲು ನಿದ್ರೆಯಿಲ್ಲ. ಮೊದಲ ಎರಡು ವಾರ ಘೋರವಾಗಿದ್ದವು. ಐದನೆಯ ವಾರದ ಹೊತ್ತಿಗೆ ನಿದ್ರೆ ಒಂದೇ ತುಂಡಾಯಿತು, ಆಮೇಲೆ ಕಾಲು ಗಂಟೆಯಂತೆ ಅವಧಿ ಹೆಚ್ಚಿಸಿದೆ. ನಡುವೆ ನಿಧಾನ ಉಸಿರಾಟವನ್ನೂ ಪರೀಕ್ಷಿಸಿದೆ. ಮನಸ್ಸು ತಿಳಿಯಾಯಿತು, ಅಲೆಗಳ ಸಂಖ್ಯೆ ಬದಲಾಗಲಿಲ್ಲ. ಭಾರ ಎತ್ತುವುದೂ ಅಲೆಗಳಿಗೆ ನೆರವಾಗಲಿಲ್ಲ, ಆದರೆ ಕೊನೆಯ ಮುಟ್ಟಿಗೆ ವರ್ಷ ಮುಂಚಿನಿಂದಲೇ ಮೂಳೆ ಸವೆತ ವೇಗ ಪಡೆಯುವುದರಿಂದ ಅದನ್ನು ಬಿಡಲಿಲ್ಲ.

ಸಾಧನದಿಂದ ಸ್ರಾವವೇ ನಿಂತಿರುವುದರಿಂದ ಮುಟ್ಟು ಪೂರ್ತಿ ನಿಂತಿತೆನ್ನಲು ಬಳಸುವ 12 ತಿಂಗಳು ಮುಟ್ಟಿಲ್ಲ ಎಂಬ ಲೆಕ್ಕ ಈಗ ನನಗೆ ಅನ್ವಯಿಸದು. ಜೆಲ್ಲನ್ನು ವರ್ಷಕ್ಕೊಮ್ಮೆ ಮರುಪರಿಶೀಲಿಸುವುದು, ಮತ್ತೆ ರಕ್ತ ಕಂಡರೆ ಕಾಯದೆ ಸ್ಕ್ಯಾನಿಂಗ್ ಮಾಡಿಸುವುದು ಎಂದು ವೈದ್ಯೆಯೂ ನಾನೂ ಮಾತಾಡಿಕೊಂಡಿದ್ದೇವೆ.