ವಿಕ್ಟೋರಿಯಾ ಕಾಲದ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಹಿರಿಯರನ್ನು ಹುಡುಕುವ ಬಗೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕುಟುಂಬಗಳ ವಂಶಾವಳಿಯನ್ನು ಕೆದಕುವವರಿಗೆ ದಾಖಲೆಗಳ ನಡುವೆ ಇದ್ದಕ್ಕಿದ್ದಂತೆ ಕಾಣೆಯಾಗುವ ಒಬ್ಬರಾದರೂ ಎದುರಾಗುತ್ತಾರೆ. ಒಂದು ಜನಗಣತಿಯಲ್ಲಿ ಗಂಡ, ಮಕ್ಕಳೊಂದಿಗೆ ಇದ್ದ ಹೆಂಗಸು ಮುಂದಿನ ಜನಗಣತಿಯ ಹೊತ್ತಿಗೆ ಆ ಮನೆಯಲ್ಲಿರುವುದಿಲ್ಲ. ಗಂಡನನ್ನು ವಿಧುರನೆಂದು ಬರೆದಿರದೆ ವಿವಾಹಿತನೆಂದೇ ಬರೆದಿರುತ್ತಾರೆ, ಆಕೆಯ ಮರಣದ ನೋಂದಣಿಯೂ ಆ ಊರಿನಲ್ಲಿ ಸಿಗುವುದಿಲ್ಲ. ಇಂಥವರನ್ನು ಹುಚ್ಚಾಸ್ಪತ್ರೆಯ ದಾಖಲೆಗಳಲ್ಲಿ ಹುಡುಕಿ ನೋಡಬೇಕು. 1845ರ ಕಾನೂನುಗಳು ಬಡ ಮನೋರೋಗಿಗಳಿಗಾಗಿ ಅಸೈಲಂ, ಅಂದರೆ ಹುಚ್ಚಾಸ್ಪತ್ರೆಯ ವ್ಯವಸ್ಥೆ ಮಾಡುವುದನ್ನು ಕೌಂಟಿಗಳಿಗೆ (ಅಲ್ಲಿನ ಜಿಲ್ಲೆಗಳಂಥ ಆಡಳಿತ ವಿಭಾಗಗಳಿಗೆ) ಕಡ್ಡಾಯ ಮಾಡಿದವು ಮತ್ತು ಅವುಗಳ ಮೇಲ್ವಿಚಾರಣೆಗೆ ಲೂನಸಿ ಕಮಿಷನ್ ಎಂಬ ಮಂಡಳಿಯನ್ನು ಸ್ಥಾಪಿಸಿದವು. ಹೀಗಾಗಿ ಒಬ್ಬ ರೋಗಿಯ ಹೆಸರು ಕಮಿಷನ್ನಿನ ದಾಖಲಾತಿ ಪುಸ್ತಕದಲ್ಲಿಯೂ ಆಸ್ಪತ್ರೆಯ ಸ್ವಂತ ಕಡತಗಳಲ್ಲಿಯೂ ಬರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದೇ ಸರಿಯಾದ ದಾರಿ.

ಕಮಿಷನ್ನಿನ ದಾಖಲಾತಿ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಂಎಚ್ 94 ಎಂಬ ಸರಣಿಯಲ್ಲಿವೆ. 1846ರಿಂದ 1912ರವರೆಗಿನ ಪುಟಗಳನ್ನು ಆನ್ಸೆಸ್ಟ್ರಿ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಇಲ್ಲಿ ಒಬ್ಬರಿಗೆ ಸಿಗುವುದು ಒಂದೇ ಸಾಲು. ಹೆಸರು, ಅಸೈಲಂ, ಸೇರಿದ ದಿನ, ಬಿಡುಗಡೆಯಾದ ಅಥವಾ ತೀರಿಕೊಂಡ ದಿನ, ಬಿಡುಗಡೆಯಾಗುವಾಗ ಗುಣವಾಗಿತ್ತೇ, ಸುಧಾರಿಸಿತ್ತೇ, ಇದ್ದಂತೆಯೇ ಇತ್ತೇ ಎಂಬುದಷ್ಟೇ ಅದರಲ್ಲಿರುತ್ತದೆ. ಗುಣವಾಗದೆ ಬಿಡುಗಡೆ ಎಂದು ಕಂಡರೆ ಮನೆಗೆ ಕಳುಹಿಸಿದರು ಎಂದು ತಕ್ಷಣ ತೀರ್ಮಾನಿಸಬಾರದು. ಒಂದು ಅಸೈಲಂನಿಂದ ಇನ್ನೊಂದಕ್ಕೆ ವರ್ಗಾಯಿಸಿದಾಗಲೂ ಹೀಗೆಯೇ ಬರೆಯುತ್ತಿದ್ದರು. ಆದ್ದರಿಂದ ಅದೇ ದಿನ ಅಥವಾ ಮರುದಿನದ ತಾರೀಕಿನಲ್ಲಿ ಅದೇ ಹೆಸರು ಬೇರೆ ಆಸ್ಪತ್ರೆಯ ಎದುರು ಇದೆಯೇ ಎಂದು ನೋಡಿಕೊಳ್ಳಬೇಕು.

ರೋಗಿಯನ್ನು ಬಡವರ ವರ್ಗಕ್ಕೆ ಸೇರಿಸಿದ್ದರೆ ಕುಟುಂಬವು ತಿರಿದು ತಿನ್ನುತ್ತಿತ್ತು ಎಂದು ಅರ್ಥವಲ್ಲ. ಕುಶಲಕರ್ಮಿಗಳ, ಸಣ್ಣ ಅಂಗಡಿಯವರ ಮನೆಯಲ್ಲಿಯೂ ತಿಂಗಳುಗಟ್ಟಲೆ ಖಾಸಗಿ ಆಸ್ಪತ್ರೆಯ ಖರ್ಚು ಭರಿಸುವ ಶಕ್ತಿ ಇರುತ್ತಿರಲಿಲ್ಲ. 1874ರಿಂದ ಅಸೈಲಂನಲ್ಲಿರುವ ಪ್ರತಿ ಬಡ ರೋಗಿಗೆ ವಾರಕ್ಕೆ 4 ಶಿಲಿಂಗ್‌ನಂತೆ ಕೇಂದ್ರ ಸರ್ಕಾರದ ಸಹಾಯಧನ ದೊರೆಯತೊಡಗಿದಾಗ, ನಿರ್ಗತಿಕರನ್ನು ಇರಿಸಿ ಕೆಲಸ ಮಾಡಿಸುತ್ತಿದ್ದ ವರ್ಕ್‌ಹೌಸ್‌ನಲ್ಲಿ ಇಟ್ಟುಕೊಂಡಿದ್ದ ಮನೋರೋಗಿಗಳನ್ನು ಅಸೈಲಂಗೆ ಸಾಗಿಸುವುದು ಸ್ಥಳೀಯ ಆಡಳಿತಕ್ಕೆ ಅನುಕೂಲವಾಯಿತು. ಹಾಗಾಗಿ ಬಡ ರೋಗಿಯ ಜಾಡು ಹಿಡಿಯುವವರು ವರ್ಕ್‌ಹೌಸ್ ದಾಖಲೆಗಳನ್ನೂ ನೋಡಲೇಬೇಕು.

ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಗದಿದ್ದರೆ ಜನಗಣತಿಗೆ ಮರಳಬೇಕು. ಅನೇಕ ಅಸೈಲಂಗಳು, ಅದರಲ್ಲೂ 1851 ಮತ್ತು 1861ರಲ್ಲಿ, ರೋಗಿಗಳ ಪೂರ್ಣ ಹೆಸರು ಕೊಡದೆ ಮೊದಲಕ್ಷರಗಳನ್ನಷ್ಟೇ ಕೊಟ್ಟಿವೆ. ಆಗ ವಯಸ್ಸು, ಕಸುಬು, ಹುಟ್ಟಿದ ಊರು ಈ ಮೂರನ್ನೂ ತಾಳೆ ಹಾಕಿ ಗುರುತಿಸಬೇಕಾಗುತ್ತದೆ. ಮರಣ ನೋಂದಣಿಯ ಜಿಲ್ಲೆಯೂ ಸುಳಿವು ಕೊಡಬಲ್ಲದು. ಲಂಡನ್ ನಗರದೊಳಗೆ ಬಾಳಿದವರ ಸಾವು ಬಾರ್ನೆಟ್ ಜಿಲ್ಲೆಯಲ್ಲಿ ನೋಂದಾಗಿದ್ದರೆ, 1851ರಲ್ಲಿ ಆ ಜಿಲ್ಲೆಯಲ್ಲಿ ಆರಂಭವಾದ ಕೋಲ್ನಿ ಹ್ಯಾಚ್ ಅಸೈಲಂ ಅನ್ನು ನೆನೆಯಬೇಕು.

ಆಸ್ಪತ್ರೆಯ ಹೆಸರು ತಿಳಿದ ಮೇಲೆ ಆ ಕೌಂಟಿಯ ಪತ್ರಾಗಾರಕ್ಕೆ ಹೋಗಬೇಕು, ಏಕೆಂದರೆ ನಿಜವಾದ ಸಂಪತ್ತು ಇರುವುದು ಅಲ್ಲಿಯೇ. ಕೋಲ್ನಿ ಹ್ಯಾಚ್ ಮತ್ತು ಹ್ಯಾನ್ವೆಲ್ ಅಸೈಲಂಗಳ ಕಡತಗಳು ಲಂಡನ್ ನಗರದ ಪತ್ರಾಗಾರದಲ್ಲಿವೆ, 1818ರಲ್ಲಿ ತೆರೆದ ವೇಕ್‌ಫೀಲ್ಡ್ ಅಸೈಲಂನವು ಪಶ್ಚಿಮ ಯಾರ್ಕ್‌ಷೈರ್ ಪತ್ರಾಗಾರದಲ್ಲಿವೆ. ಸೇರ್ಪಡೆಯ ಕಾಗದಗಳಲ್ಲಿ ನಿಗದಿತ ನಮೂನೆಯೊಂದಿರುತ್ತದೆ. ವಯಸ್ಸು, ಧರ್ಮ, ಕಸುಬು, ಇದು ಮೊದಲ ಸಲವೇ, ಎಷ್ಟು ದಿನದಿಂದ ಹೀಗಿದೆ, ಕಾರಣ ಏನಿರಬಹುದು, ಮೂರ್ಛೆರೋಗ ಉಂಟೇ, ಆತ್ಮಹತ್ಯೆಯ ಪ್ರವೃತ್ತಿ ಉಂಟೇ, ಇತರರಿಗೆ ಅಪಾಯವೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ತುಂಬಿರುತ್ತಾರೆ. ಸಮೀಪದ ಬಂಧುವಿನ ಹೆಸರು, ವಿಳಾಸಗಳೂ ಅಲ್ಲಿ ಸಿಗಬಹುದು. ಬೇರೆಲ್ಲಿಯೂ ಸಿಗದ ಅಕ್ಕನೋ ತಮ್ಮನೋ ಆ ಒಂದು ಸಾಲಿನಿಂದ ಬೆಳಕಿಗೆ ಬಂದಾರು. ನಂತರ ಕೇಸ್ ಬುಕ್. ಮೊದಲ ತಿಂಗಳು ವಾರವಾರವೂ, ಆಮೇಲೆ ತಿಂಗಳಿಗೊಮ್ಮೆ, ಹಳೆಯ ರೋಗಿಯಾದರೆ ಮೂರು ತಿಂಗಳಿಗೊಮ್ಮೆ ವೈದ್ಯರು ಅದರಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಹತ್ತಿಪ್ಪತ್ತು ವರ್ಷ ಒಳಗಿದ್ದವರ ಟಿಪ್ಪಣಿ ಒಂದು ಸಂಪುಟದಲ್ಲಿ ಮುಗಿಯುವುದಿಲ್ಲ. ಪುಟದ ಕೊನೆಯಲ್ಲಿ ಮುಂದಿನ ಸಂಪುಟದ ಸಂಖ್ಯೆ ಬರೆದಿರುವುದನ್ನು ಗಮನಿಸದಿದ್ದರೆ ಅರ್ಧ ಜೀವನವೇ ಕೈತಪ್ಪಿ ಹೋಗುತ್ತದೆ. ಶತಮಾನದ ಕೊನೆಯ ದಶಕಗಳಲ್ಲಿ ಹಲವೆಡೆ ಭಾವಚಿತ್ರವನ್ನೂ ಅಂಟಿಸಿದ್ದಾರೆ. ಎಷ್ಟೋ ಬಡ ಕುಟುಂಬಗಳಿಗೆ ಆ ಹಿರಿಯರ ಮುಖ ನೋಡಲು ಉಳಿದಿರುವುದು ಅದೊಂದೇ.

ವೈದ್ಯರ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿರುತ್ತವೆ. ತಾವೇ ಕಂಡದ್ದನ್ನು ವೈದ್ಯರು ಒಂದರಲ್ಲಿ ಬರೆದರೆ, ಬೇರೆಯವರು ಹೇಳಿದ್ದನ್ನು ಇನ್ನೊಂದರಲ್ಲಿ ಬರೆಯುತ್ತಾರೆ. ಇವೆರಡನ್ನು ಬೆರೆಸದೆ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎರಡನೆಯದು ಗಂಡನ ಮಾತೋ ನೆರೆಯವಳ ಮಾತೋ ಆಗಿರುತ್ತದೆ. ರೋಗಿಯ ಪರವಾಗಿ ಮಾತನಾಡಲು ಆ ಕಾಗದದಲ್ಲಿ ಯಾರೂ ಇಲ್ಲವೆಂಬುದನ್ನು ಮರೆಯಬಾರದು. ಹಾಗೆಂದು ಎಲ್ಲರನ್ನೂ ಅನ್ಯಾಯವಾಗಿ ಕೂಡಿಹಾಕಿದರೆಂದು ಮೊದಲೇ ನಂಬಿ ಹೊರಡುವುದೂ ತಪ್ಪು, ಅನೇಕರು ವರ್ಷದೊಳಗೆ ಗುಣವಾಗಿ ಮನೆಗೆ ಮರಳಿದ್ದಾರೆ. ಬಾಣಂತಿ ಸನ್ನಿಯೆಂದು ದಾಖಲಾದ ಹೆಂಗಸರಲ್ಲಿ ಇದು ವಿಶೇಷವಾಗಿ ಕಾಣುತ್ತದೆ. ಅಂಥವರ ಸೇರ್ಪಡೆಯ ದಿನಕ್ಕೆ ಕೆಲವು ವಾರ ಹಿಂದಿನ ಜನನ ನೋಂದಣಿಗಳನ್ನು ನೋಡಿದರೆ ಮನೆತನದವರು ಮರೆತ ಮಗುವೊಂದು ಸಿಕ್ಕೀತು. ಜನರಲ್ ಪ್ಯಾರಾಲಿಸಿಸ್ ಎಂದು ಬರೆದಿದ್ದರೆ ಅದು ಮಿದುಳಿಗೆ ಏರಿದ ಸಿಫಿಲಿಸ್. ಅಂದಿಗೆ ಅದಕ್ಕೆ ಮದ್ದಿರಲಿಲ್ಲ, ಆದ್ದರಿಂದ ಕೆಲವೇ ವರ್ಷಗಳಲ್ಲಿ ಮರಣದ ದಾಖಲೆ ಸಿಗುವ ಸಂಭವ ಹೆಚ್ಚು.

ಅಪರಾಧ ಎಸಗಿದ ರೋಗಿಗಳಿಗಾಗಿ 1863ರಲ್ಲಿ ಆರಂಭವಾದ ಬ್ರಾಡ್‌ಮೂರ್‌ನ ಕಡತಗಳು ರೆಡಿಂಗ್ ಪಟ್ಟಣದಲ್ಲಿರುವ ಬರ್ಕ್‌ಷೈರ್ ಪತ್ರಾಗಾರದಲ್ಲಿವೆ. ಸ್ಕಾಟ್ಲೆಂಡ್‌ನ ಕಾನೂನೂ ದಾಖಲೆಗಳೂ ಬೇರೆ, ಅವು ಎಡಿನ್‌ಬರೋದಲ್ಲಿ ಸಿಗುತ್ತವೆ.

ಬೆಂಗಳೂರು ದಂಡು ಪ್ರದೇಶದ ಹಳೆಯ ಯುರೋಪಿಯನ್ ಅಥವಾ ಆಂಗ್ಲೋ ಇಂಡಿಯನ್ ಮನೆತನಗಳ ಬೇರು ಹುಡುಕುವವರು ಇನ್ನೊಂದು ಕಡೆಯೂ ನೋಡಬೇಕು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು ಮನೋರೋಗಕ್ಕೆ ತುತ್ತಾದ ಯುರೋಪಿಯನ್ನರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸ್ ಎಂಬ ಅಸೈಲಂನಲ್ಲಿ ಇಡುತ್ತಿದ್ದರು. 1870ರಿಂದ 1892ರವರೆಗೆ ಈಲಿಂಗ್‌ನಲ್ಲಿದ್ದ ರಾಯಲ್ ಇಂಡಿಯಾ ಅಸೈಲಂ ಆ ಹೊಣೆ ಹೊತ್ತಿತು. ಈ ಎರಡರ ಕಡತಗಳೂ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ.

ರೋಗಿಗಳ ಕಡತಗಳನ್ನು ಸಾಮಾನ್ಯವಾಗಿ 100 ವರ್ಷ ಮುಚ್ಚಿಡುತ್ತಾರೆ. ಸಂಪುಟದ ಕೊನೆಯ ನಮೂದಿನಿಂದ ಲೆಕ್ಕ ಹಿಡಿಯುವುದರಿಂದ 1890ರಲ್ಲಿ ಸೇರಿದವರ ಪುಟವೂ ಕೆಲವೊಮ್ಮೆ ತೆರೆದಿರುವುದಿಲ್ಲ. ಪತ್ರಾಗಾರಕ್ಕೆ ಬರೆಯುವಾಗ ಪೂರ್ಣ ಹೆಸರು, ಅಂದಾಜು ಜನ್ಮವರ್ಷ, ಎಂಎಚ್ 94ರಲ್ಲಿ ಸಿಕ್ಕ ಸೇರ್ಪಡೆಯ ದಿನಾಂಕ, ನಿಮ್ಮ ಸಂಬಂಧ ಇಷ್ಟನ್ನೂ ಮೊದಲ ಪತ್ರದಲ್ಲಿಯೇ ತಿಳಿಸಿ, ಮುಚ್ಚಿದ ಕಡತವಾದರೆ ಮರಣ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಬೇಕು. ರೋಗಿ ಒಳಗೇ ತೀರಿಕೊಂಡಿದ್ದರೆ ಶವಪರೀಕ್ಷೆಯ ಪುಸ್ತಕ ಮತ್ತು ಅಸೈಲಂನದೇ ಸ್ಮಶಾನದ ರಿಜಿಸ್ಟರ್ ಉಳಿದಿವೆಯೇ ಎಂದು ಅದೇ ಪತ್ರದಲ್ಲಿ ಕೇಳಬೇಕು. ಅಲ್ಲಿನ ಅನೇಕ ಸಮಾಧಿಗಳಿಗೆ ಹೆಸರಿಲ್ಲ, ಕೆಲವೆಡೆ ಇರುವುದು ಬರೀ ಸಂಖ್ಯೆ. ಆ ಸಂಖ್ಯೆ ಯಾರದೆಂದು ಹೇಳಬಲ್ಲದ್ದು ಆ ರಿಜಿಸ್ಟರ್ ಮಾತ್ರ.