ಸ್ತನದ ಬಯಾಪ್ಸಿ: ಬಾಟಲಿಯ ಕಡೆಗೂ ಗಮನ ಇರಲಿ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಬೈ-ರಾಡ್ಸ್ 4’ ಅಥವಾ ‘5’ (ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ ಅಂಕಿ) ಎಂದಿದ್ದರೆ ಡಾಕ್ಟರು ಬಯಾಪ್ಸಿ, ಅಂದರೆ ಗಂಟಿನ ಅಂಶವನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ, ಮಾಡಿಸಿ ಅನ್ನುತ್ತಾರೆ. ಅಷ್ಟಕ್ಕೇ ಕ್ಯಾನ್ಸರ್ ಎಂದು ತೀರ್ಮಾನವಾಗಲಿಲ್ಲ. ಸೂಜಿ ಚುಚ್ಚಿದರೆ ಗಂಟು ಕೆರಳುತ್ತದೆ ಎಂದು ಹೆದರಿ ತಿಂಗಳುಗಟ್ಟಲೆ ಮುಂದೂಡಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ‘ಎಫ್‌ಎನ್‌ಎಸಿಯೋ, ಕೋರ್ ಬಯಾಪ್ಸಿಯೋ?’ ಎಂದು ಕೇಳಿ. ಮೊದಲನೆಯದರಲ್ಲಿ ಸಣ್ಣ ಸೂಜಿಯಿಂದ ಬರೀ ಜೀವಕೋಶ ಸಿಗುತ್ತದೆ. ಕೋರ್‌ನಲ್ಲಿ ಗಂಟಿನ ಚೂರೇ ಸಿಗುತ್ತದೆ, ಕ್ಯಾನ್ಸರ್ ಇದ್ದರೆ ಯಾವ ಬಗೆಯದೆಂದೂ ತಿಳಿಯುತ್ತದೆ. ಅಗ್ಗವೆಂದು ಎಫ್‌ಎನ್‌ಎಸಿ ಮಾಡಿಸಿ ಮತ್ತೆ ಕೋರ್‌ಗೆ ಹೋದರೆ ಎರಡೆರಡು ಖರ್ಚು. ನನ್ನ ಸಲಹೆ ಕೋರ್.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು. ಬೇಡವೆಂದು ಹೇಳದಿದ್ದರೆ ತಿಂಡಿ ತಿಂದೇ ಹೋಗಿ. ಪೌಡರ್, ಡಿಯೋಡರೆಂಟ್ ಬೇಡ. ಮ್ಯಾಮೋಗ್ರಾಮ್‌ನಲ್ಲಿ (ಸ್ತನದ ಎಕ್ಸ್-ರೇ) ಅದರ ಕಣಗಳು ಸ್ತನದೊಳಗಿನ ಸುಣ್ಣದ (ಕ್ಯಾಲ್ಸಿಯಂ) ಚುಕ್ಕಿಗಳೆಂಬ ಅನುಮಾನ ಹುಟ್ಟಿಸುತ್ತವೆ.

ಬಯಾಪ್ಸಿ ಕೋಣೆಯಲ್ಲಿ ಮೊದಲು ಕೊಡುವ, ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಸ್ವಲ್ಪ ಉರಿಯುತ್ತದೆ. ಆಮೇಲೆ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯನ್ನು ನೋಡುತ್ತಲೇ ಚೂರು ತೆಗೆಯುತ್ತಾರೆ. ಚೂರು ತೆಗೆಯುವ ಸೂಜಿಯ ‘ಟಕ್’ ಎನ್ನುವ ಸದ್ದಿಗೆ ಬೆಚ್ಚಿ ಅಲುಗಬಾರದು, ಮೊದಲೇ ಒಮ್ಮೆ ಕೇಳಿಸಿ ಅನ್ನಿ.

ಎಡವಟ್ಟಾಗುವುದು ಇದರ ನಂತರ. ಎಷ್ಟೋ ಕಡೆ ಚೂರಿರುವ ಬಾಟಲಿಯನ್ನು ಮನೆಯವರ ಕೈಗೇ ಕೊಟ್ಟು ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿ ಫಾರ್ಮಲಿನ್ (ಚೂರು ಕೆಡದಂತೆ ಕಾಯುವ ದ್ರವ) ಇರಬೇಕು. ಸಲೈನ್ ಅಲ್ಲ, ನೀರಂತೂ ಅಲ್ಲವೇ ಅಲ್ಲ. ಮೂರಕ್ಕೂ ಬಣ್ಣವಿಲ್ಲ, ಹಾಗಾಗಿ ನರ್ಸನ್ನು ಬಾಯಿಬಿಟ್ಟು ಕೇಳಿ. ಮೂಸಿ ನೋಡಬೇಡಿ, ಕಣ್ಣು ಮೂಗು ಉರಿಯುತ್ತದೆ. ಬಿಳಿ ದಾರದ ತುಂಡಿನಂಥ ಚೂರುಗಳು ಪೂರ್ತಿ ಮುಳುಗಿರಬೇಕು. ಹೆಸರು, ವಯಸ್ಸು, ಎಡವೋ ಬಲವೋ, ತೆಗೆದ ದಿನಾಂಕ, ಸಮಯ ಇವೆಲ್ಲ ಬಾಟಲಿಯ ಮೈಮೇಲೆ ಇರಲಿ. ಮುಚ್ಚಳದ ಮೇಲೆ ಬರೆದರೆ ಸಾಲದು, ಮುಚ್ಚಳ ಅದಲುಬದಲಾಗಬಹುದು ಅಲ್ವಾ? ಫ್ರಿಜ್‌ನಲ್ಲಿ ಇಡಬೇಡಿ. ಅದೇ ದಿನ ತಲುಪಿಸಿ, ಸ್ಕ್ಯಾನಿಂಗ್ ರಿಪೋರ್ಟಿನ ಜೆರಾಕ್ಸ್ ಕೂಡ ಕೊಡಿ. ಕ್ಯಾನ್ಸರ್ ಇದ್ದರೆ ಯಾವ ಔಷಧಿ ಸೂಕ್ತವೆಂದು ತಿಳಿಸುವ ಇಆರ್, ಪಿಆರ್, ಹರ್2 ಪರೀಕ್ಷೆ ಸರಿಯಾಗಿ ಬರಲು ಚೂರು ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕು. ಹಬ್ಬದ ರಜೆ ಮುಗಿಯಲಿ ಎಂದು ಮನೆಯಲ್ಲೇ ಇಟ್ಟುಕೊಂಡರೆ ಈ ಲೆಕ್ಕ ತಪ್ಪುತ್ತದೆ, ಔಷಧಿ ಆರಿಸುವ ದಾರಿಯೂ ತಪ್ಪಬಹುದು.

ಗಾಯವನ್ನು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ, ಮೇಲೆ ಬಟ್ಟೆ ಸುತ್ತಿದ ಐಸ್ ಇಡಿ. ಅರಿಶಿನ ಹಚ್ಚಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಎರಡು ದಿನ ಬಿಂದಿಗೆ ಎತ್ತಬೇಡಿ. ನೀಲಿಗಟ್ಟುವುದು ಸಹಜ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ತಕ್ಷಣ ಹೋಗಿ.

ರಿಪೋರ್ಟಿನಲ್ಲಿ ‘ಕ್ಯಾನ್ಸರ್ ಇಲ್ಲ’ ಎಂದಿದ್ದರೂ ಅದನ್ನು ಬೀರುವಿನಲ್ಲಿ ಇಟ್ಟು ಸುಮ್ನೆ ಕೂರಬೇಡಿ. ಡಾಕ್ಟರಿಗೆ ತೋರಿಸಿ, ‘ಸ್ಕ್ಯಾನಿಂಗಿಗೂ ಇದಕ್ಕೂ ತಾಳೆಯಾಗುತ್ತದಾ?’ ಎಂದು ಕೇಳಿ. ಆಗದಿದ್ದರೆ ಮತ್ತೊಮ್ಮೆ ಬಯಾಪ್ಸಿ ಮಾಡಬೇಕಾಗುತ್ತದೆ.