ಮನೆಯಲ್ಲೇ ರೆಕಾರ್ಡ್ ಕೊರೆಯುವವರಿಗೆ: ಮೊದಲು ಖಾಲಿ ಗೆರೆ ಕೊರೆದು ನೋಡಿ

ಹೊಸದಾಗಿ ಲೇತ್ (ರೆಕಾರ್ಡ್ ಕೊರೆಯುವ ಯಂತ್ರ) ಹಿಡಿದವರು ಸೀದಾ ಹಾಡಿಗೇ ಕೈ ಹಾಕಬೇಡಿ. ಮೊದಲು ಶಬ್ದವೇ ಇಲ್ಲದ ಒಂದಷ್ಟು ಗೆರೆ ಕೊರೆದು, ಪ್ಲೇ ಮಾಡಿ ಕೇಳಿ. ಸುಯ್ ಅನ್ನೋ ಸದ್ದು ಜಾಸ್ತಿ ಇದ್ದರೆ ಕೊರೆಯುವ ಸೂಜಿ ಸವೆದಿರಬಹುದು, ಇಲ್ಲವೇ ಅದರ ಕೋನವೋ ಬಿಸಿಯೋ ಸರಿಯಿಲ್ಲ. ಅದನ್ನು ಸರಿಮಾಡದೆ ಮುಂದೆ ಹೋದರೆ ಡಿಸ್ಕ್ ಸುಮ್ನೆ ದಂಡ.

ಕೊರೆಯುವಾಗ ಸೂಜಿಯ ಹಿಂದಿನಿಂದ ಕೂದಲಿನಂಥ ತೆಳ್ಳನೆಯ ಎಳೆ ಏಳುತ್ತದೆ. ಕಣ್ಣು ಅದರ ಮೇಲೇ ಇರಲಿ. ತುಂಡಾಗದೆ, ಒಂದೇ ಸಮನೆ ಅದನ್ನು ಹೀರುವ ವ್ಯಾಕ್ಯೂಮ್ ಕೊಳವೆಯೊಳಗೆ ಹೋಗುತ್ತಿದ್ದರೆ ಎಲ್ಲ ಸರಿಯಿದೆ ಅಂತ ಅರ್ಥ. ಸೂಜಿಗೆ ಸುತ್ತಿಕೊಂಡಿತೋ, ಗೆರೆ ಹಾಳು. ಕೊಳವೆಯ ಬಾಯಿಯನ್ನು ಸೂಜಿಗೆ ಇನ್ನಷ್ಟು ಹತ್ತಿರ ತನ್ನಿ, ಡಿಸ್ಕ್‌ಗೆ ಮಾತ್ರ ತಾಗಬಾರದು. ಲ್ಯಾಕರ್ ಡಿಸ್ಕ್ (ಲೋಹದ ತಟ್ಟೆಗೆ ಮೆರುಗೆಣ್ಣೆಯಂಥ ಲೇಪ ಬಳಿದದ್ದು) ಬಳಸುವವರೇ, ದಯವಿಟ್ಟು ಗಮನಿಸಿ: ಅದರ ಎಳೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೆಂಕಿ, ಸಿಗರೇಟು ಹತ್ತಿರ ಬೇಡವೇ ಬೇಡ. ಎಳೆಯನ್ನು ಗುಡ್ಡೆ ಹಾಕಿಡಲೂಬೇಡಿ.

ಹಾಡಿನ ಫೈಲನ್ನೂ ಹಾಗೇ ಲೇತ್‌ಗೆ ಕಳಿಸಬೇಡಿ. ಬಾಸ್ (ತಗ್ಗಿನ ಸದ್ದು) ಭಾಗವನ್ನು ಮೊನೊ ಮಾಡಿ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಇರಲಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಾಸ್ ಇದ್ದರೆ ಗೆರೆಯ ಆಳ ಏರುಪೇರಾಗಿ, ಪ್ಲೇ ಮಾಡುವಾಗ ಸೂಜಿ ಹಾರುತ್ತದೆ. ಚುಚ್ಚುವ ‘ಸ’, ‘ಶ’ ಸದ್ದುಗಳನ್ನು ಡೀ-ಎಸ್ಸರ್‌ನಿಂದ (ಇಂಥ ಸದ್ದನ್ನಷ್ಟೇ ಇಳಿಸುವ ಆಡಿಯೋ ಸಾಧನ) ಸ್ವಲ್ಪ ತಗ್ಗಿಸಿ. ಅಬ್ಬರದ ಹಾಡು ಹೊರ ಅಂಚಿಗೆ, ಮೆಲುವಾದದ್ದು ಒಳಗೆ ಇರಲಿ. ಒಳಗೆ ಹೋದಷ್ಟೂ ಒಂದು ಸುತ್ತಿನ ಉದ್ದ ಕಡಿಮೆ ಅಲ್ವಾ, ಅಲ್ಲಿ ಟ್ರೆಬಲ್ (ಏರು ಸದ್ದು) ಒಡೆಯುತ್ತದೆ. 7 ಇಂಚಿನ ಡಿಸ್ಕನ್ನು 45 ಆರ್‌ಪಿಎಂನಲ್ಲಿ (ನಿಮಿಷಕ್ಕೆ 45 ಸುತ್ತು) ಕೊರೆಯುವುದಾದರೆ ಒಂದು ಬದಿಗೆ 4 ನಿಮಿಷದ ಆಸುಪಾಸಿನಲ್ಲೇ ನಿಲ್ಲಿಸಿ.